ಎಪ್ಪತ್ತು ವರ್ಷ ಹಳೆಯ ಪ್ರಳಯೋತ್ತರ ಕಾದಂಬರಿ ಮಕ್ಕಳನ್ನು ಇನ್ನೂ ಏಕೆ ಹಿಡಿಯುತ್ತದೆ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಹತ್ತಿರ ಗ್ರಂಥಾಲಯವೊಂದರಲ್ಲಿ ಎಂಟರಿಂದ ಹತ್ತನೇ ತರಗತಿಯ ಹನ್ನೆರಡು ಕನ್ನಡ ಮಕ್ಕಳ ಓದುಬಳಗ ನಡೆಸುತ್ತಿದ್ದೇನೆ. ಆಂಡ್ರೆ ನಾರ್ಟನ್ ಬರೆದ 'ಸ್ಟಾರ್ ಮ್ಯಾನ್ಸ್ ಸನ್' ಕಾದಂಬರಿಯ ಕಥೆಯನ್ನು ವಾರ ವಾರ ಕನ್ನಡದಲ್ಲಿ ಹೇಳಿದೆ. ಮೊಬೈಲ್ ಬಿಟ್ಟು ಕಣ್ಣೆತ್ತದ ಹುಡುಗರೂ ಕೂತು ಕೇಳಿದರು. ಇಷ್ಟು ಹಳೆಯ ಪುಸ್ತಕದಲ್ಲಿ ಅಂಥದ್ದೇನಿದೆ? ಈಗ ಮಕ್ಕಳಿಗೆ ನಮ್ಮ ಊರನ್ನೇ ಇಟ್ಟುಕೊಂಡು ಅಂಥ ಕಥೆ ಬರೆಯುವ ಆಸೆ. ಎಲ್ಲರದ್ದೂ ಬಾಂಬು ಬೀಳುವುದರಿಂದ ಶುರುವಾಗಿ, ಹಾಳುಬಿದ್ದ ಬೇಕಲ ಕೋಟೆಗೆ ಬಂದು, ವಿಕಾರ ಮುಖದ ರಾಕ್ಷಸರ ಜೊತೆ ಕಾದಾಡಿ, ಎಂಟು–ಹತ್ತು ಪುಟಕ್ಕೆ ನಿಂತುಹೋಗಿದೆ. ಎಲ್ಲಿ ತಪ್ಪುತ್ತಿದೆ, ಹೇಗೆ ಸರಿಪಡಿಸಲಿ?

ಉತ್ತರ: ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಆ ಕಾದಂಬರಿ ಮಕ್ಕಳನ್ನು ಹಿಡಿದದ್ದು ಅದರಲ್ಲಿರುವ ಹಾಳು ನಗರದಿಂದಲ್ಲ, ಹುಡುಗನೊಬ್ಬ ಹೆಗಲಿಗೆ ಚೀಲ ಹಾಕಿಕೊಂಡು ನಡೆಯುವುದರಿಂದ. ನಿಮ್ಮ ಮಕ್ಕಳು ಹಾಳನ್ನು ಮಾತ್ರ ತೆಗೆದುಕೊಂಡು ಚೀಲವನ್ನು ಅಲ್ಲೇ ಬಿಟ್ಟು ಬಂದಿದ್ದಾರೆ.

ಪುಸ್ತಕ ಬಂದದ್ದು 1952ರಲ್ಲಿ. ಹಿರೋಶಿಮಾಕ್ಕೆ ಏಳು ವರ್ಷ ತುಂಬಿತ್ತು. ಅದೇ ವರ್ಷ ನವೆಂಬರ್ 1ರಂದು ಅಮೆರಿಕ ಪೆಸಿಫಿಕ್ಕಿನ ಹವಳದ ದ್ವೀಪವೊಂದರಲ್ಲಿ ಮೊದಲ ಹೈಡ್ರೋಜನ್ ಬಾಂಬನ್ನು ಸಿಡಿಸಿತು. ನಾರ್ಟನ್ ಕ್ಲೀವ್‌ಲ್ಯಾಂಡ್‌ನ ಸಾರ್ವಜನಿಕ ಗ್ರಂಥಾಲಯದಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಪುಸ್ತಕ ಕೊಡುತ್ತಿದ್ದವರು. ಹದಿಮೂರು–ಹದಿನಾಲ್ಕರ ಓದುಗ ಯಾವ ಪುಟದಲ್ಲಿ ಪುಸ್ತಕ ಮುಚ್ಚುತ್ತಾನೆಂಬುದು ಅವರಿಗೆ ಕೈಯಳತೆಯಲ್ಲಿ ಗೊತ್ತಿತ್ತು. 1954ರಲ್ಲಿ 'ಡೇಬ್ರೇಕ್ 2250 ಎ.ಡಿ.' ಎಂಬ ಹೆಸರಿನಲ್ಲಿ ಅಗ್ಗದ ಆವೃತ್ತಿ ಬಂದ ಮೇಲೆ ಅದು ನಿಜಕ್ಕೂ ಎಲ್ಲ ಕಡೆ ಹರಡಿತು. ಹಳೆಯ ಪ್ರತಿ ಹುಡುಕುವಾಗ ಎರಡೂ ಹೆಸರು ನೆನಪಿರಲಿ, ಪುಸ್ತಕ ಒಂದೇ.

ಕಥೆಯ ಎಲುಬನ್ನಷ್ಟು ತೆಗೆದು ನೋಡಿ. ಮಹಾಯುದ್ಧವಾಗಿ ಸುಮಾರು ಇನ್ನೂರು ವರ್ಷ ಕಳೆದಿದೆ. ಹಿಂದೆ ನಕ್ಷತ್ರಯಾನಕ್ಕೆ ಸಿದ್ಧತೆ ನಡೆಸುತ್ತಿದ್ದ ವಿಜ್ಞಾನಿಗಳ ವಂಶದವರು ಬೆಟ್ಟದ ಮೇಲೆ ಬದುಕಿಕೊಂಡಿದ್ದಾರೆ. ಹಾಳು ನಗರಗಳಿಗೆ ಹೋಗಿ ಹಳೆಯ ಜ್ಞಾನವನ್ನು ಹೆಕ್ಕಿ ತರುವವರಿಗೆ ಅಲ್ಲಿ ನಕ್ಷತ್ರದ ಗೌರವ. ಫೋರ್ಸ್ ಎಂಬ ಹುಡುಗನ ಕೂದಲು ಬೆಳ್ಳಗೆ; ಕತ್ತಲಲ್ಲಿ ಕಣ್ಣು ಕಾಣುತ್ತದೆ, ಕಿವಿ ಅತಿ ಚುರುಕು. ಇವನ ಹುಟ್ಟಿನಲ್ಲೇ ಏನೋ ಕೆಟ್ಟಿದೆ ಎಂದು ಹಿರಿಯರು ಆ ಗೌರವ ಕೊಡುವುದಿಲ್ಲ. ಅವನು ಸತ್ತ ತಂದೆಯ ಚೀಲವನ್ನು ರಾತ್ರಿ ಕದ್ದು, ಅದರಲ್ಲಿದ್ದ ನಕ್ಷೆ ಹಿಡಿದು, ಲೂರಾ ಎಂಬ ದೊಡ್ಡ ಬೇಟೆಬೆಕ್ಕಿನ ಜೊತೆ ಹೊರಡುತ್ತಾನೆ. ಸರೋವರದ ದಂಡೆಯ ನಗರದಲ್ಲಿ ಬೋನಿನ ಗುಂಡಿಗೆ ಬಿದ್ದಿದ್ದ ಆರ್ಸ್ಕೇನ್ ಎಂಬ ತೆಂಕಣ ಬುಡಕಟ್ಟಿನ ಕಪ್ಪು ಯುವಕನನ್ನು ಎತ್ತುತ್ತಾನೆ. ಮುಂದೆ ಕುದುರೆ ಸವಾರರ ಬಯಲು ಬುಡಕಟ್ಟು, ಮನುಷ್ಯರೂ ಅಲ್ಲದ ಪ್ರಾಣಿಗಳೂ ಅಲ್ಲದ ಬೇಟೆಗಾರರ ಹಿಂಡು, ಯುದ್ಧ, ಸಂಧಾನ. ಕೊನೆಗೆ ಬೆಟ್ಟಕ್ಕೆ ಮರಳಿ ಹಿರಿಯರ ಮುಂದೆ ನಿಲ್ಲುವುದು.

ಇದರಲ್ಲಿ ಲೋಕವನ್ನು ಉಳಿಸುವ ಹೊಣೆ ಯಾರ ತಲೆಯ ಮೇಲೂ ಇಲ್ಲ, ಗಮನಿಸಿದಿರಾ? ಹುಡುಗನಿಗೆ ಬೇಕಾದದ್ದು ತೀರಾ ಸಣ್ಣದು: ತನ್ನವರು ತನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಂಡಕ್ಕೆ ಆಟಗಾರರನ್ನು ಆರಿಸುವಾಗ ಕೊನೆಗೆ ಉಳಿದ ಪ್ರತಿ ಮಗುವಿಗೂ ಇದು ಅರ್ಥವಾಗುತ್ತದೆ. ಅದರ ಮೇಲೆ ಒಂದು ಋಣ ಕೂತಿದೆ. ಚೀಲ ಕದ್ದದ್ದು, ನಿಯಮ ಮೀರಿ ಹೋದದ್ದು, ಹಾಗಾಗಿ ಎಷ್ಟು ದೂರ ಹೋದರೂ ಮರಳಿ ಬಂದು ಉತ್ತರ ಕೊಡಲೇಬೇಕು. ನಡುವಿನ ಪುಟಗಳಲ್ಲಿ ಏನೇ ಗೆದ್ದರೂ ಆ ಹೆದರಿಕೆ ಓದುಗನ ಬೆನ್ನ ಹಿಂದೆಯೇ ಇರುತ್ತದೆ. ಆಸೆ, ಸಾಧನ, ಋಣ, ಈ ಮೂರೂ ಮೊದಲ ಕೆಲವೇ ಪುಟಗಳಲ್ಲಿ ಕೈಗೆ ಬರುತ್ತವೆ. ಪುಸ್ತಕ ಇಷ್ಟು ಕಾಲ ಬಾಳಿದ್ದಕ್ಕೆ ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ ಇದೇ.

ನಿಮ್ಮ ಮಕ್ಕಳಿಗೆ ಇದನ್ನು ಪಾಠವಾಗಿ ಹೇಳಬೇಕಿಲ್ಲ. ಕುಂಬಳೆ ಸೀಮೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಕೇಳಿ ಬೆಳೆದ ಊರು ನಿಮ್ಮದು. ಸೀತೆಯನ್ನು ಹುಡುಕಲು ಹೊರಟ ಕಪಿಗಳಿಗೆ ಸುಗ್ರೀವ ಒಂದು ತಿಂಗಳ ಗಡುವು ಕೊಟ್ಟ. ತೆಂಕಣ ದಿಕ್ಕಿಗೆ ಹೋದ ಅಂಗದನ ಪಡೆಗೆ ಸ್ವಯಂಪ್ರಭೆಯ ಗುಹೆಯಲ್ಲಿ ಗಡುವು ಮೀರಿಹೋಯಿತು. ಬರಿಗೈಯಲ್ಲಿ ಹಿಂದಿರುಗಿದರೆ ದಂಡನೆ, ಅದಕ್ಕಿಂತ ಇಲ್ಲೇ ಉಪವಾಸ ಬಿದ್ದು ಸಾಯುವುದು ಮೇಲೆಂದು ಅಂಗದ ಕೂತುಬಿಟ್ಟ. ಸಂಪಾತಿ ಸಿಗುವುದು ಆಮೇಲೆ. ಈ ಕಥೆಯಿಂದ ಗಡುವನ್ನು ತೆಗೆದುಬಿಟ್ಟರೆ ಉಳಿಯುವುದೇನು ಎಂದು ಮಕ್ಕಳನ್ನೇ ಕೇಳಿ. ಅವರ ಹಸ್ತಪ್ರತಿಗಳಲ್ಲಿ ಗಡುವು ಎಲ್ಲಿದೆ ಎಂದು ಆ ಮೇಲೆ ಕೇಳಿ.

ಇನ್ನು ವಿಜ್ಞಾನ. ಹತ್ತನೇ ತರಗತಿಯ ಯಾರಾದರೂ ಕೇಳಿಯೇ ಕೇಳುತ್ತಾರೆ, ನೇರವಾಗಿ ಹೇಳಿಬಿಡಿ: ಕಾದಂಬರಿಯ ವಿಕಿರಣದ ಲೆಕ್ಕ ಹಿಡಿಯುವುದಿಲ್ಲ. ಇನ್ನೂರು ವರ್ಷದ ಮೇಲೂ ರಾತ್ರಿ ಹೊಳೆಯುವ ನೆಲ ಅದರಲ್ಲಿದೆ. ಅಣುಬಾಂಬಿನ ಧೂಳಿನ ವಿಕಿರಣ ಮೊದಲಿಗೆ ಬಹಳ ಬೇಗ ಇಳಿಯುತ್ತದೆ. ಸಮಯ ಏಳು ಪಟ್ಟಾದಾಗಲೆಲ್ಲ ತೀವ್ರತೆ ಸರಿಸುಮಾರು ಹತ್ತರಲ್ಲೊಂದಾಗುತ್ತದೆ. ಮೊದಲ ಗಂಟೆಯಲ್ಲಿ ಇದ್ದದ್ದು ಏಳು ಗಂಟೆಗೆ ಹತ್ತರಲ್ಲೊಂದು, ಎರಡು ದಿನಕ್ಕೆ ನೂರರಲ್ಲೊಂದು, ಎರಡು ವಾರಕ್ಕೆ ಸಾವಿರದಲ್ಲೊಂದು. ಮಣ್ಣಿನಲ್ಲಿ ದೀರ್ಘಕಾಲ ಉಳಿದು ಕಾಡುವುದು ಸೀಸಿಯಂ 137, ಸ್ಟ್ರಾನ್ಷಿಯಂ 90. ಇವೆರಡರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 30 ವರ್ಷ. ಇನ್ನೂರು ವರ್ಷ ಎಂದರೆ ಆರೂವರೆ ಅರ್ಧಾಯುಷ್ಯಕ್ಕೂ ತುಸು ಹೆಚ್ಚು. ಉಳಿಯುವುದು ನೂರರಲ್ಲೊಂದು ಪಾಲು. ಪ್ಲುಟೋನಿಯಂ 239 ಸಾವಿರಾರು ವರ್ಷ ಇರುತ್ತದೆ ನಿಜ, ಆದರೆ ನೆಲ ಹೊಳೆಯುವಂತೆ ಮಾಡುವುದಿಲ್ಲ. ಮ್ಯುಟೇಶನ್ನಿನ, ಅಂದರೆ ವಂಶವಾಹಿಯಲ್ಲಾಗುವ ಬದಲಾವಣೆಯ, ವಿಚಾರವೂ ಹಾಗೆಯೇ. ಎಕ್ಸ್ ಕಿರಣಗಳಿಂದ ಹಣ್ಣುನೊಣಗಳಲ್ಲಿ ಮ್ಯುಟೇಶನ್ ಆಗುತ್ತದೆಂದು ಹರ್ಮನ್ ಮುಲ್ಲರ್ 1927ರಲ್ಲಿ ತೋರಿಸಿ 1946ರಲ್ಲಿ ನೊಬೆಲ್ ಪಡೆದಿದ್ದರು, ಆ ಸುದ್ದಿಯ ಬಿಸಿ ಆ ಕಾಲದ ಎಲ್ಲ ಕಥೆಗಾರರಿಗೂ ತಟ್ಟಿತ್ತು. ಹಿರೋಶಿಮಾ, ನಾಗಾಸಾಕಿಯಲ್ಲಿ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಮಕ್ಕಳನ್ನು ದಶಕಗಟ್ಟಲೆ ಪರೀಕ್ಷಿಸಿದಾಗ ಅಂಥ ಆನುವಂಶಿಕ ಹೆಚ್ಚಳ ಸ್ಪಷ್ಟವಾಗಿ ಕಾಣಲಿಲ್ಲ. ಹೊಸ ಜೀವಿಗಳ ಹಿಂಡು ಹುಟ್ಟುವುದಂತೂ ದೂರದ ಮಾತು. ಇಷ್ಟು ಹೇಳಿದ ಮೇಲೂ ಕಥೆ ಕುಸಿಯುವುದಿಲ್ಲ, ಏಕೆಂದರೆ ಅದು ವಿಕಿರಣದ ಮೇಲೆ ನಿಂತಿರಲೇ ಇಲ್ಲ.

ಪುಸ್ತಕದಲ್ಲಿ ನನಗೆ ನಿಜಕ್ಕೂ ನೋವಾಗುವ ಭಾಗ ಬೇರೆ ಇದೆ, ನಿಮ್ಮ ಜಿಲ್ಲೆಯಲ್ಲಿ ಕೂತು ಓದುವಾಗ ಅದನ್ನು ದಾಟಿ ಹೋಗಬಾರದು. ಹುಟ್ಟಿನಿಂದ ಬೇರೆಯಾದವನನ್ನು ಹೊರಗಿಡುವುದು ಅನ್ಯಾಯ ಎಂದು ಫೋರ್ಸ್‌ನ ಕಥೆ ಹೇಳುತ್ತದೆ. ಅದೇ ಪುಸ್ತಕ, ವಿಕಾರಗೊಂಡ ಇನ್ನೊಂದು ಗುಂಪನ್ನು ಮಾತಿಗೂ ಕರುಣೆಗೂ ಅರ್ಹವಲ್ಲದ ಶತ್ರುವಾಗಿ ನಿಲ್ಲಿಸುತ್ತದೆ. ನಿಮ್ಮ ಮಕ್ಕಳ ರಾಕ್ಷಸರು ಬಂದದ್ದು ಅಲ್ಲಿಂದಲೇ. ಎಣ್ಮಕಜೆ, ಬೆಳ್ಳೂರು, ಮುಳಿಯಾರಿನ ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ದೇಶದಲ್ಲಿ ಅದಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ನಿಮ್ಮ ಹನ್ನೆರಡು ಮಕ್ಕಳಲ್ಲಿ ಯಾರದ್ದೋ ಮನೆಯಲ್ಲಿ, ಇಲ್ಲವೇ ನೆರೆಮನೆಯಲ್ಲಿ, ಹಾಸಿಗೆ ಬಿಟ್ಟೇಳಲಾಗದ ಅಣ್ಣನೋ ಅಕ್ಕನೋ ಇರಬಹುದು. ವಿಷದಿಂದ ಕೆಟ್ಟ ದೇಹವೇ ಕೆಡುಕಿನ ಗುರುತು ಎಂಬ ಕಥೆಯನ್ನು ಆ ಮಗು ಬರೆಯುವುದೂ ಕೇಳುವುದೂ ಬೇಡ. ಮಕ್ಕಳಿಗೆ ಹಾಕಬೇಕಾದ ನಿಯಮ ಒಂದೇ: ಶತ್ರುವಿನ ಮುಖ ಹೇಗಿದೆ ಎಂದು ಬರೆಯಬೇಡಿ, ಅವನಿಗೆ ಏನು ಬೇಕು ಎಂದು ಬರೆಯಿರಿ. ನೀರು ಬೇಕಾದವನು, ಬಿತ್ತನೆ ಬೀಜ ಬೇಕಾದವನು, ಹಳೆಯ ಜಗಳ ತೀರಿಸಬೇಕಾದವನು ವಿಕಾರ ಮುಖದವನಿಗಿಂತ ಹೆಚ್ಚು ಅಂಜಿಕೆ ಹುಟ್ಟಿಸುತ್ತಾನೆ. ದೇಹಕ್ಕೆ ತೊಂದರೆಯಿರುವ ಮಗುವೇ ಹೊರಡುವವಳಾಗಲಿ, ಬೇಕಿದ್ದರೆ.

ಈಗ ಬರವಣಿಗೆಗೆ ಬರೋಣ. ಕಥೆ ಎಂಟು ಪುಟಕ್ಕೆ ನಿಲ್ಲುವುದು ಕಲ್ಪನೆ ಬತ್ತಿದ್ದರಿಂದ ಅಲ್ಲ, ಮುಂದೆ ನಡೆಯುವುದಕ್ಕೆ ಕಾರಣವೇ ಇಲ್ಲದ್ದರಿಂದ. ಬಾಂಬು ಮೊದಲ ಪುಟಕ್ಕೇ ಬಿದ್ದಾಯಿತು, ಕೋಟೆ ನಾಲ್ಕನೆಯದಕ್ಕೆ ಬಂದಾಯಿತು, ಇನ್ನೇನು ಉಳಿಯಿತು? ಆದ್ದರಿಂದ ಮೊದಲ ದಿನ ಕಥೆ ಬರೆಸಬೇಡಿ. ಗೋಡೆಗೆ ಜಿಲ್ಲೆಯ ನಕ್ಷೆ ಅಂಟಿಸಿ ಲೆಕ್ಕ ಬರೆಸಿ.

ಒಂದು ದಾರಿ ನಾನೇ ಹಾಕಿಕೊಡುತ್ತೇನೆ. ಚಂದ್ರಗಿರಿ ಹೊಳೆಯ ಉದ್ದ ಸುಮಾರು 105 ಕಿ.ಮೀ. ತಳಂಗರೆಯ ಅಳಿವೆಯಿಂದ ಹೊರಟು, ಮುಳಿಯಾರು, ಅಡೂರು ದಾಟಿ ಅದರ ಮೇಲಿನ ಕವಲಾದ ಪಯಸ್ವಿನಿಯ ದಂಡೆ ಹಿಡಿದು, ಸುಳ್ಯದ ಮೇಲೆ ಕೊಡಗಿನ ಬೆಟ್ಟದವರೆಗೆ. ಕರಾವಳಿಯ ಗದ್ದೆಗಳಿಗೆ ಉಪ್ಪುನೀರು ನುಗ್ಗಿ ಬಿತ್ತನೆ ಭತ್ತ ಕೆಟ್ಟಿದೆ, ಬೆಟ್ಟದ ಊರಿನಲ್ಲಿ ಒಳ್ಳೆಯ ಬೀಜ ಉಂಟೆಂಬ ಸುದ್ದಿ ಬಂದಿದೆ, ಅದನ್ನು ತರಲು ಹದಿನಾಲ್ಕರ ಹುಡುಗಿಯೊಬ್ಬಳು ಹೊರಡುತ್ತಾಳೆ ಎಂದಿಟ್ಟುಕೊಳ್ಳಿ. ರಸ್ತೆಯೇ ಇಲ್ಲದ, ಕಾಡು ಬೆಳೆದ ದಂಡೆಯಲ್ಲಿ ದಿನಕ್ಕೆ 10 ಕಿ.ಮೀ. ನಡೆದರೆ ಹೆಚ್ಚು. ಹೋಗಲು 11 ದಿನ, ಬರಲು 11 ದಿನ. ವಿಷು ಕಳೆದು ಏಪ್ರಿಲ್ 15ರ ಸುಮಾರಿಗೆ ಹೊರಟರೆ ಪತ್ತನಾಜೆಯೊಳಗೆ, ಅಂದರೆ ತುಳುನಾಡಿನಲ್ಲಿ ಮಳೆಗೆ ಮುನ್ನ ಉತ್ಸವಗಳು ಮುಗಿಯುವ ಮೇ 24ರ ಸುಮಾರಿಗೆ, ಮನೆ ಸೇರಬೇಕು. ಆಮೇಲೆ ಮಳೆ ಹಿಡಿಯುತ್ತದೆ. ತೋಡುಗಳೆಲ್ಲ ತುಂಬಿದರೆ ದಾಟುವ ಮಾತೇ ಇಲ್ಲ, ಏಣಿಲಿನ, ಅಂದರೆ ಮಳೆಗಾಲದ ಭತ್ತದ, ಬೇಸಾಯದ ಹದವೂ ತಪ್ಪುತ್ತದೆ. ಕೈಯಲ್ಲಿರುವುದು ಸುಮಾರು 40 ದಿನ, ನಡಿಗೆಗೆ 22, ಉಳಿದದ್ದು 18. ಕಥೆ ಬರೆಯುವುದು ಎಂದರೆ ಈ 18 ದಿನಗಳನ್ನು ಒಂದೊಂದಾಗಿ ಕಿತ್ತುಕೊಳ್ಳುವುದು. ಕಾಲು ಉಳುಕಿ ಮೂರು ದಿನ, ಯಾರೋ ಹಿಡಿದು ಕೂರಿಸಿ ಐದು ದಿನ, ದಾರಿ ತಪ್ಪಿ ಎರಡು ದಿನ. ಗೋಡೆಯ ಮೇಲೆ ದಿನಗಳ ಪಟ್ಟಿ ಅಂಟಿಸಿ, ಕಳೆದ ದಿನಕ್ಕೆ ಗೀಟು ಹಾಕುತ್ತ ಹೋಗಲಿ.

ಮುಂದಿನದು ಚೀಲ. ಇಲ್ಲಿ ಅವಸರ ಮಾಡಬೇಡಿ, ಒಂದು ಇಡೀ ಸಂಜೆ ಕೊಡಿ. ದಿನಕ್ಕೆ 300 ಗ್ರಾಂ ಅವಲಕ್ಕಿ, 100 ಗ್ರಾಂ ಬೆಲ್ಲ, 100 ಗ್ರಾಂ ಕೊಬ್ಬರಿ ಎಂದರೆ ಸುಮಾರು 2,000 ಕ್ಯಾಲೊರಿ. ದಿನವಿಡೀ ನಡೆಯುವ ಹದಿನಾಲ್ಕರ ಹುಡುಗಿಗೆ ಅದು ಸ್ವಲ್ಪ ಕಡಿಮೆಯೇ. ಹನ್ನೊಂದು ದಿನಕ್ಕೆ ಐದೂವರೆ ಕಿಲೊ. ನೀರು ಮೂರು ಲೀಟರ್, ಮೂರು ಕಿಲೊ. ಕತ್ತಿ, ಹಗ್ಗ, ಪಾತ್ರೆ, ಹೊದಿಕೆ ಎಲ್ಲ ಸೇರಿ ನಾಲ್ಕು ಕಿಲೊ ಹಿಡಿದರೆ ಒಟ್ಟು ಹನ್ನೆರಡೂವರೆ. 45 ಕಿಲೊ ತೂಗುವವಳಿಗೆ ಅದು ತನ್ನ ತೂಕದ ಕಾಲು ಪಾಲಿಗಿಂತ ಹೆಚ್ಚು. ಅಂದರೆ ಹೋಗುವುದಕ್ಕೆ ಬುತ್ತಿ ಉಂಟು, ಬರುವುದಕ್ಕೆ ಇಲ್ಲ. ಬೀಜದ ಭತ್ತದ ತೂಕ ಬೇರೆ. ಹಿಂದಿರುಗುವಾಗ ಅವಳಿಗೆ ಬೇರೆಯವರ ನೆರವು ಬೇಕೇ ಬೇಕು. ಜೊತೆಗಾರ ಕಥೆಯೊಳಗೆ ಬರುವುದು ಹೀಗೆ, ಲೇಖಕನಿಗೆ ಗೆಳೆಯನೊಬ್ಬ ಬೇಕೆನಿಸಿ ಅಲ್ಲ. ನಿಜವಾಗಿ ಒಂದು ಚೀಲಕ್ಕೆ ಅಷ್ಟು ತುಂಬಿಸಿ, ತಕ್ಕಡಿಗೆ ಹಾಕಿ, ಗ್ರಂಥಾಲಯದ ಅಂಗಳದಲ್ಲಿ ಹತ್ತು ನಿಮಿಷ ಹೊತ್ತು ನಡೆಸಿ. ಮರುದಿನ ಅವರ ವಾಕ್ಯಗಳೇ ಬದಲಾಗಿರುತ್ತವೆ.

ನೀರಿನ ವಿಷಯದಲ್ಲಿ ಕಾಸರಗೋಡಿನ ಕಥೆಗಾರನಿಗೆ ಸಿಗುವ ಸಂಪತ್ತು ನಾರ್ಟನ್‌ಗೂ ಸಿಕ್ಕಿರಲಿಲ್ಲ. ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು ಹೊಳೆಯಲ್ಲಿ ಬಾವಿಕ್ಕರೆಯವರೆಗೆ ಏರುತ್ತಿತ್ತು. ಅದನ್ನು ತಡೆಯಲೆಂದೇ ಅಲ್ಲಿ ಅಡ್ಡಗಟ್ಟೆ ಕಟ್ಟಿದ್ದು. ನೋಡಿಕೊಳ್ಳುವವರಿಲ್ಲದ ಕಾಲದಲ್ಲಿ ಅದರ ಬಾಗಿಲುಗಳು ತುಕ್ಕು ಹಿಡಿದು ಹೋಗಿರುತ್ತವೆ, ಉಪ್ಪು ಮತ್ತೆ ಮೇಲೇರಿರುತ್ತದೆ. ಹಾಗಾಗಿ ಮೊದಲ ಎರಡು ದಿನ ಅವಳು ಹೊಳೆಯ ಪಕ್ಕದಲ್ಲೇ ನಡೆಯುತ್ತಾಳೆ, ಬೊಗಸೆ ನೀರನ್ನೂ ಕುಡಿಯುವಂತಿಲ್ಲ. ಗುಡ್ಡೆ ಹತ್ತಿ ಸುರಂಗ ಹುಡುಕಬೇಕು.

ಸುರಂಗವನ್ನು ಮಕ್ಕಳು ಹತ್ತಿರದಿಂದ ಬರೆಯಲಿ, ಏಕೆಂದರೆ ಕರೆಂಟು, ಪಂಪು ಯಾವುದೂ ಇಲ್ಲದೆ ನೀರು ಕೊಡುವ ವ್ಯವಸ್ಥೆ ಅದು, ಲೋಕ ಮುಳುಗಿದ ಮೇಲೂ ಹರಿಯಬಲ್ಲದು. ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆದದ್ದು, ಬಾಯಿ ಒಬ್ಬ ಮನುಷ್ಯನ ಎತ್ತರ, ಅಗಲ ಎರಡಡಿಯ ಆಸುಪಾಸು. ಒಳಗೆ ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕು. ಗೋಡೆಯ ಮೇಲೆ ಪಿಕ್ಕಾಸಿನ ಗೆರೆಗಳು ಓರೆಯಾಗಿ ಉಳಿದಿರುತ್ತವೆ, ಕಾಲಡಿ ಪಾದ ಮುಳುಗುವಷ್ಟು ತಣ್ಣೀರು, ಬಾವಲಿಯ ವಾಸನೆ. ನೀರು ತನ್ನಷ್ಟಕ್ಕೆ ಇಳಿದು ಅಡಿಕೆ ಮರದ ದಂಬೆಯಲ್ಲಿ ಹೊರಗಿನ ಗುಂಡಿಗೆ ಬೀಳುತ್ತದೆ. ಇನ್ನೂರು ವರ್ಷದ ಮೇಲೆ ದಂಬೆ ಇರುವುದಿಲ್ಲ. ಬಾಯಿಗೆ ಮಣ್ಣು ಜರಿದು, ಪೊದೆ ಬೆಳೆದು, ಜರೀಗಿಡದ ಹಸಿರೊಂದೇ ನೀರಿನ ಗುರುತು. ಒಳಗೆ ಹೋಗುವಾಗ ಅಪಾಯ ಎರಡು. ಗಾಳಿಯಾಡದ ಕಡೆ ದೀಪ ಮಂಕಾದರೆ ಕೂಡಲೇ ಹಿಂದೆ ಬರಬೇಕು. ಗಟ್ಟಿ ಮುರ ಮುಗಿದು ಜೇಡಿ ಮಣ್ಣು ಶುರುವಾಗುವ ಕಡೆ ಮಾಡು ಕುಸಿಯುತ್ತದೆ. ಇವೆರಡು ಗೊತ್ತಿದ್ದರೆ ಸಾಕು, ನಾಲ್ಕು ಪುಟದ ಉಸಿರು ಬಿಗಿಹಿಡಿಸುವ ಅಧ್ಯಾಯ ಸಿಗುತ್ತದೆ. ಬರೆಯುವ ಮುನ್ನ ನೋಡುವುದಾದರೆ ಮನೆಯವರ ಒಪ್ಪಿಗೆ ಪಡೆದು, ಹೊರಗೆ ನಿಂತೇ ನೋಡಿ; ಬಳಕೆಯಿಲ್ಲದ ಸುರಂಗದೊಳಗೆ ಮಕ್ಕಳನ್ನು ಬಿಡಬೇಡಿ.

ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ ಎಂಬುದರಲ್ಲೇ ಹೆಚ್ಚಿನ ಹಸ್ತಪ್ರತಿಗಳು ಎಡವುತ್ತವೆ. ಫೋರ್ಸ್‌ಗೆ ಹಳೆಯ ಅಂಗಡಿಯಲ್ಲಿ ಬಣ್ಣದ ಪೆನ್ಸಿಲು ಸಿಕ್ಕಿ ಅವನು ಹಿಗ್ಗುವ ಕಡೆ ಮಕ್ಕಳ ಕಣ್ಣರಳಿರಬೇಕು. ಚಳಿ ನಾಡಿನ ಮುಚ್ಚಿದ, ಒಣ ಕೋಣೆಯಲ್ಲಿ ಅದು ನಂಬುವ ಮಾತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಿಮ್ಮಲ್ಲಿ ಮರವನ್ನು ಗೆದ್ದಲು ತಿಂದು ಮುಗಿಸಿ, ಒಳಗಿನ ಕಡ್ಡಿ ಮಾತ್ರ ಉಳಿದಿರುತ್ತದೆ. ಪುಸ್ತಕಗಳು ಅದಕ್ಕೂ ಮೊದಲೇ ಹೋಗಿರುತ್ತವೆ. ಮೊಬೈಲು ಬೆಳಗುವುದಿಲ್ಲ, ಬ್ಯಾಟರಿ ಎಂದೋ ಸತ್ತಿರುತ್ತದೆ. ಪೆಟ್ರೋಲು ಒಂದೆರಡು ವರ್ಷಕ್ಕೇ ಕೆಡುವುದರಿಂದ ಜೀಪೂ ಓಡುವುದಿಲ್ಲ. ಕಡಲ ಗಾಳಿಯ ಉಪ್ಪಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಸ್ಲಾಬುಗಳೆಲ್ಲ ಬಿದ್ದಿರುತ್ತವೆ. ಆದರೆ ಹದಿನೇಳನೇ ಶತಮಾನದ ಬೇಕಲ ಕೋಟೆಯ ಮುರಕಲ್ಲಿನ ಗೋಡೆ, ಗೋಳಿಮರದ ಬೇರು ಅಲ್ಲಲ್ಲಿ ಸೀಳಿದ್ದರೂ, ನಿಂತಿರುತ್ತದೆ. ಸ್ಟೀಲ್ ಲೋಟ, ಗಾಜಿನ ಬಾಟಲಿ, ಪಿಂಗಾಣಿ ಭರಣಿ ಉಳಿಯುತ್ತವೆ. ನೀರುಣಿಸುವವರಿಲ್ಲದೆ ಅಡಿಕೆ ತೋಟ ಹಾಳಾಗಿ ಕಾಡು ಸೇರುತ್ತದೆ, ಗೇರು ಮತ್ತು ಕಾಳುಮೆಣಸು ತಮ್ಮಷ್ಟಕ್ಕೆ ಬದುಕಿಕೊಳ್ಳುತ್ತವೆ. ಮೆಣಸು ಸಿಕ್ಕಿದರೆ ಅವಳಿಗೆ ವಿನಿಮಯದ ಸರಕು ಸಿಕ್ಕಿತು ಎಂದರ್ಥ, ಬೆಟ್ಟದವರೂ ಉಪ್ಪಿನ ಜೊತೆ ಅದನ್ನು ಬೇಡವೆನ್ನಲಾರರು.

ಇದೆಲ್ಲ ಬೇಸರದ ವಿವರ ಎನಿಸಿದರೆ ಪ್ರಳಯವನ್ನೇ ಹತ್ತಿರಕ್ಕೆ ತನ್ನಿ. ಇನ್ನೂರು ವರ್ಷದ ಬದಲು ಇಪ್ಪತ್ತು ವರ್ಷ ಎಂದಿಟ್ಟರೆ ಅಜ್ಜಿಯಂದಿರಿಗೆ ಹಳೆಯ ಲೋಕದ ನೆನಪಿರುತ್ತದೆ, ಹಾಡು, ಸಾಲ, ಜಗಳ ಎಲ್ಲ ಉಳಿದಿರುತ್ತವೆ. ಮಕ್ಕಳಿಗೆ ಅದು ಹೆಚ್ಚು ಸುಲಭ. ಪ್ರಳಯಕ್ಕೆ ಕಾರಣ ಏನೆಂದು ಅರ್ಧ ಪುಟಕ್ಕಿಂತ ಹೆಚ್ಚು ಬರೆಸಬೇಡಿ. ಬದುಕುಳಿದವರಿಗೇ ಅದು ಪೂರ್ತಿ ತಿಳಿದಿರುವುದಿಲ್ಲ.

ಆರ್ಸ್ಕೇನ್ ಬಗ್ಗೆ ಒಂದು ಮಾತು. ಅಮೆರಿಕದ ದಕ್ಷಿಣ ರಾಜ್ಯಗಳ ಶಾಲೆಗಳಲ್ಲಿ ಕಪ್ಪು, ಬಿಳಿ ಮಕ್ಕಳನ್ನು ಕಾನೂನೇ ಬೇರೆ ಬೇರೆ ಕೂರಿಸುತ್ತಿದ್ದ ಕಾಲದಲ್ಲಿ ಮಕ್ಕಳ ಪುಸ್ತಕವೊಂದು ಕಪ್ಪು ಯುವಕನನ್ನು ನಾಯಕನ ಸರಿಸಮಾನನನ್ನಾಗಿ ನಿಲ್ಲಿಸಿತು. ಅವನಿಗೆ ತನ್ನದೇ ಜನ, ತನ್ನದೇ ಹಿರಿಮೆ, ತನ್ನದೇ ಅವಸರ ಇದೆ. ಇದು ಆ ಪುಸ್ತಕದ ನಿಜವಾದ ಧೈರ್ಯ. ನಿಮ್ಮ ಹೊಳೆಯ ದಂಡೆಯ ಮೇಲೆ ತುಳು, ಮಲಯಾಳ, ಬ್ಯಾರಿ, ಮರಾಠಿ, ಕೊಂಕಣಿ, ಹವ್ಯಕ ಎಲ್ಲ ಮಾತುಗಳೂ ಇವೆ. ಬೆಟ್ಟದ ಹುಡುಗ ಎದುರಾದಾಗ ಇಬ್ಬರೂ ಯಾವ ಮಾತಿನಲ್ಲಿ ಶುರುಮಾಡುತ್ತಾರೆ, ಯಾರು ಮೊದಲು ಬುತ್ತಿ ಬಿಚ್ಚುತ್ತಾರೆ ಎಂದು ಬರೆಯಿಸಿ. ಅವನನ್ನು ಬರೀ ಹೊರೆ ಹೊರುವವನಾಗಿ ಮಾಡಿದ ಕಡೆ ತಡೆದು ನಿಲ್ಲಿಸಿ, ಅವನಿಗೇನು ಬೇಕಿತ್ತು ಎಂದು ಕೇಳಿ.

ಕೆಲಸ ಹಂಚುವುದು ಹೀಗೆ: ವಾರಕ್ಕೊಂದರಂತೆ ಆರು ಬಾರಿ, ಪ್ರತಿ ಬಾರಿ ಒಂದೂವರೆ ಗಂಟೆ. ಮೊದಲನೆಯದು ನಕ್ಷೆ ಮತ್ತು ದಿನಗಳ ಪಟ್ಟಿ, ಎರಡನೆಯದು ಚೀಲ. ಮೂರನೆಯದರಲ್ಲಿ ಹೊರಡುವ ರಾತ್ರಿ ಮಾತ್ರ: ಯಾರಿಗೆ ಹೇಳದೆ ಹೊರಟಳು, ಏನನ್ನು ಕೇಳದೆ ತೆಗೆದುಕೊಂಡಳು. ನಾಲ್ಕು, ಐದು ನಡಿಗೆಗೆ. ಆರನೆಯದು ಮರಳಿ ಬಂದು ಉತ್ತರ ಕೊಡುವುದಕ್ಕೆ. ನಲವತ್ತು ಪುಟದ ಕಥೆಯಾದರೆ ಹೊರಡುವುದಕ್ಕೆ ಐದು, ನಡಿಗೆಗೆ ಇಪ್ಪತ್ತೈದು, ಬೆಟ್ಟದ ಊರಿಗೆ ಐದು, ಮರಳುವುದಕ್ಕೆ ಐದು ಸಾಕು. ಮೂವರು ಮೂವರ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೂ ಹೊಳೆಯ ಬೇರೆ ಬೇರೆ ಭಾಗ ಕೊಟ್ಟರೆ ಯಾರೂ ಎಂಟನೇ ಪುಟಕ್ಕೆ ನಿಲ್ಲುವುದಿಲ್ಲ, ಏಕೆಂದರೆ ಹಿಂದಿನ ಗುಂಪು ಚೀಲದಲ್ಲಿ ಏನು ಉಳಿಸಿದೆಯೋ ಅಷ್ಟರಲ್ಲೇ ಮುಂದಿನವರು ನಡೆಯಬೇಕು. ಚೀಲದ ಪಟ್ಟಿಯನ್ನು ಪ್ರತಿ ಅಧ್ಯಾಯದ ಕೊನೆಗೆ ಬರೆದು ಹಸ್ತಾಂತರಿಸುವುದು ಕಡ್ಡಾಯವಿರಲಿ.

ಕೊನೆಯದಾಗಿ, ನಾರ್ಟನ್ ಪುಸ್ತಕದ ನಿಮ್ಮ ಕನ್ನಡ ರೂಪವನ್ನು ಬಳಗದಲ್ಲಿ ಬಾಯಲ್ಲಿ ಹೇಳುವುದಕ್ಕೆ ತೊಂದರೆಯಿಲ್ಲ. ಗ್ರಂಥಾಲಯದ ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸುವ ಯೋಚನೆಯಿದ್ದರೆ ಅನುಮತಿ ಕೇಳಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ನಾರ್ಟನ್ ತೀರಿಕೊಂಡದ್ದು 2005ರಲ್ಲಿ, ಆ ಲೆಕ್ಕಕ್ಕೆ 2065ರ ಕೊನೆಯವರೆಗೆ. ಮಕ್ಕಳು ಬರೆದ ಚಂದ್ರಗಿರಿಯ ಕಥೆಗೆ ಅಂಥ ಅಡ್ಡಿಯಿಲ್ಲ, ಸಂಚಿಕೆಗೆ ಅದನ್ನೇ ಹಾಕಿ, ಜೊತೆಗೆ ಅವರು ಬಿಡಿಸಿದ ಹೊಳೆಯ ನಕ್ಷೆಯನ್ನೂ.